ತಡವಾಗಿ ಆಡಿದ ಮಾತು

ಮಾರ್ಚ್ ೧೪, ಗುರುವಾರ

ಲೂಪೆ ನನ್ನ ಕೋಣೆಯಲ್ಲಿ ಮಲಗಿದ್ದಾಳೆ. ತುಟಿ ಇನ್ನೂ ಊದಿಕೊಂಡಿದೆ.

ಚಂಡಮಾರುತಕ್ಕೆ ದೋಣಿ ಒಡೆದುಹೋದಂದಿನಿಂದ ತಮ್ಮ ಫಿನೌ ಮನೆಯಲ್ಲೇ ಕೂತು ಕುದಿಯುತ್ತಿದ್ದ. ಇವತ್ತು ಗೆಣಸು ಬೆಂದಿಲ್ಲವೆಂದು ಹೆಂಡತಿ ಲೂಪೆಗೆ ಮತ್ತೆ ಹೊಡೆದ. ನಾನು ಒಳಗೆ ನುಗ್ಗಿ, "ಸಾಕು ಮಾಡೋ! ಇವಳನ್ನ ನಾನು ಕರ್ಕೊಂಡು ಹೋಗ್ತೀನಿ" ಎಂದೆ. ನಮ್ಮ ಟೊಂಗಾದಲ್ಲಿ ಅಕ್ಕನ ಮಾತು ಮೀರುವ ತಮ್ಮನಿಲ್ಲ. ಎತ್ತಿದ ಕೈ ಇಳಿಸಿ, "ಆಯ್ತಕ್ಕ" ಎಂದ. ಅಷ್ಟೇ.

ಅಂಗಳ ದಾಟುವಾಗ ಲೂಪೆ ಕೇಳಿದಳು: "ಅತ್ತಿಗೆ, ನೀವು ಹೇಳಿದ್ರೆ ಅವರು ಕೇಳ್ತಾರೆ ಅಂತ ಮೊದಲೇ ಗೊತ್ತಿತ್ತಲ್ವಾ?"

ಗೊತ್ತಿತ್ತು. ಗಂಡ ಹೆಂಡಿರ ಜಗಳ, ಹೊಸ ದೋಣಿ ಬಂದರೆ ತಣ್ಣಗಾದೀತು ಎಂದುಕೊಂಡು, ಅವಳ ಅಳು ಕೇಳಿಸಿದಾಗಲೆಲ್ಲ ರೇಡಿಯೊ ಜೋರು ಮಾಡುತ್ತಿದ್ದೆ.

ಎಷ್ಟು ಸುಲಭವಾಗಿ ಕೈ ಇಳಿಸಿಬಿಟ್ಟ! ಅವನು ಎದುರಾಡಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ...