ಜೊಂಬಾ ಊರಿಗೂ ಒಂದು ತಲೆಬರಹ ಬೇಕು

ಆರೋಗ್ಯ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಣ್ಣಿನ ಶಿಬಿರದ ಪುಟದಲ್ಲಿ ಜೊಂಬಾ ಎಂಬ ಹೆಸರು ದೊಡ್ಡ ಅಕ್ಷರದಲ್ಲಿತ್ತಂತೆ, ದಪ್ಪಗೂ ಇತ್ತಂತೆ. ತಲೆಬರಹ ಮಾತ್ರ ಆಗಿರಲಿಲ್ಲ. ಅದರಿಂದ ನನ್ನ ತಂಗಿ ಎಸ್ನಾರ್‌ಗೆ ಕಣ್ಣಿನ ಆಪರೇಷನ್ ತಪ್ಪಿಹೋಯಿತು. ಇದನ್ನು ನಿಮಗೆ ಮೂರು ಸಲ ಬರೆದಿದ್ದೇನೆ. ನಾಲ್ಕನೆಯದನ್ನು ಊರವರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಹುಟ್ಟುಕುರುಡಿ. ಹದಿನೆಂಟು ವರ್ಷದಿಂದ ಕಾಲೇಜೊಂದರಲ್ಲಿ ಟೆಲಿಫೋನ್ ಆಪರೇಟರ್. ನನ್ನ ಫೋನು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ನೀವು ಕಣ್ಣಾಡಿಸಿ ಬೇಕಾದ ಕಡೆ ನಿಲ್ಲುತ್ತೀರಿ. ನಾನು ಬೆರಳಾಡಿಸಿ ಒಂದು ತಲೆಬರಹದಿಂದ ಮುಂದಿನದಕ್ಕೆ ಹಾರುತ್ತೇನೆ. ಪುಟ ಮಾಡಿದವರು ‘ಇದು ತಲೆಬರಹ’ ಎಂದು ಗುರುತು ಹಾಕಿದ್ದರೆ ಮಾತ್ರ ಫೋನಿಗೆ ಅದು ಗೊತ್ತಾಗುತ್ತದೆ. ಅಕ್ಷರವನ್ನು ಎಷ್ಟೇ ಉಬ್ಬಿಸಿದರೂ ನನ್ನ ಕಿವಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಸಾಲು. ಇಷ್ಟನ್ನು ಕಲಿಯಲು ನಿಮ್ಮ ಕಚೇರಿಗೆ ಇನ್ನೆಷ್ಟು ಕಾರ್ಯಾಗಾರ, ಇನ್ನೆಷ್ಟು ಮಧ್ಯಾಹ್ನದ ಊಟ ಬೇಕು?

ಮೇ ತಿಂಗಳ ಶಿಬಿರದ ಪಟ್ಟಿ ಬಂದ ದಿನ ಎಸ್ನಾರ್ ನನ್ನ ಪಕ್ಕದಲ್ಲೇ ನ್ಸಿಮಾ ಮುದ್ದೆ ತಿರುವುತ್ತಿದ್ದಳು. ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ ಅವಳದು. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಲ್ಲಿ ಸಂತೆಯಲ್ಲಿ ಒಣಮೀನು ಮಾರುವಷ್ಟು ಬೆಳಕಿತ್ತು, ಅಕ್ಷರ ಓದುವಷ್ಟು ಇರಲಿಲ್ಲ. ನಾನು ಹಾರುತ್ತಾ ಹೋದೆ: ಮ್ಜೂಜು, ಲಿಲೋಂಗ್ವೆ, ಬ್ಲಾಂಟೈರ್. ಆಮೇಲೆ ಫೋನು, “ಮುಂದೆ ತಲೆಬರಹಗಳಿಲ್ಲ” ಎಂದಿತು.

“ಈ ಸಲ ನಮ್ಮೂರಿಗೆ ಡಾಕ್ಟ್ರು ಬರಲ್ವಂತೆ ಕಣೇ,” ಎಂದೆ.

“ಹೋಗ್ಲಿ ಬಿಡಕ್ಕ, ಮುಂದಿನ್ ಸಲ ಬರ್ತಾರೆ. ಈ ಕಣ್ಣು ಎಲ್ಲಿಗೆ ಓಡಿಹೋಗತ್ತೆ?” ಎಂದು ನಕ್ಕಳು.

ಮೊದಲ ಮೂರು ಊರುಗಳಿಗೆ ನಿಮ್ಮಲ್ಲಿ ಯಾರೋ ಪುಣ್ಯಾತ್ಮರು ಗುರುತು ಹಾಕಿದ್ದರು. ಜೊಂಬಾಕ್ಕೆ ಬರುವಷ್ಟರಲ್ಲಿ ಬಹುಶಃ ಚಹಾದ ಹೊತ್ತಾಗಿತ್ತು. ಶಿಬಿರ ಮುಗಿದ ಮೇಲೆ ಪಕ್ಕದ ಮನೆಯ ನಾಬಂದಾ ಬಂದಳು. “ಏನ್ರಮ್ಮಾ, ಡಾಕ್ಟ್ರು ಎರಡು ದಿನ ಇಲ್ಲೇ ಇದ್ರು. ನಮ್ಮತ್ತೆಗೆ ಮಾಡಿಸ್ಕೊಂಡು ಬಂದೆ. ನೀವ್ಯಾಕೆ ಬರ್ಲಿಲ್ಲ?” ಎಂದಳು. ಪಟ್ಟಿಯನ್ನು ನಾಬಂದಾಳ ಕೈಲಿ ಓದಿಸಬಹುದಿತ್ತು, ನಿಜ. ನನ್ನದನ್ನು ನಾನೇ ಓದಿಕೊಳ್ಳುತ್ತೇನೆಂಬ ಜಂಬ ಅಡ್ಡ ಬಂತು. ಆ ಪಾಲಿನ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. “ಅಮ್ಮಾ, ಇಷ್ಟು ದಪ್ಪಗೆ ಬರ್ದಿದೀವಲ್ಲಾ, ಕಾಣ್ಲಿಲ್ವಾ?” ಎಂದು ಕೇಳಿದರು. ನನ್ನ ಬಿಳಿ ಕೋಲು ಅವರ ಮೇಜಿಗೇ ಒರಗಿತ್ತು. ಮೂರನೆಯ ಪತ್ರದ ಮೇಲೆ ಕೊನೆಗೂ ಕ್ರಮ ಜರುಗಿತು: ಈಗ ಇಡೀ ಪುಟವೇ ತಲೆಬರಹ! ಊರು ತಲೆಬರಹ, ದಿನಾಂಕ ತಲೆಬರಹ, ‘ಕಂಬಳಿ ತನ್ನಿ’ ಎಂಬುದೂ ತಲೆಬರಹ, ಕೊನೆಯ ಧನ್ಯವಾದವೂ ತಲೆಬರಹ. ಅರವತ್ತೆರಡು ಎಣಿಸಿದೆ; ಎಲ್ಲವೂ ತಲೆಬರಹವಾದರೆ ಊರಿಂದ ಊರಿಗೆ ಹಾರುವುದೆಲ್ಲಿಂದ? ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಾಕಾಗಿಹೋಗಿದೆ ಸ್ವಾಮೀ.

ನಾನು ಕೇಳುವುದು ಇಷ್ಟೇ. ಪುಟಕ್ಕೊಂದು ದೊಡ್ಡ ತಲೆಬರಹ, ಅದರ ಕೆಳಗೆ ಊರಿಗೊಂದು ಚಿಕ್ಕದು, ಉಳಿದದ್ದೆಲ್ಲ ಸಾದಾ ಸಾಲು. ಮುಂದಿನ ಶಿಬಿರದ ಪಟ್ಟಿ ಹೊರಡುವ ಮೊದಲೇ ಮಾಡಿ. ಮಾಡಿದ ಮೇಲೆ ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ.

ಎಸ್ನಾರ್‌ಗೆ ಇನ್ನು ಆ ಪಟ್ಟಿ ಬೇಕಿಲ್ಲ. ಆಗಸ್ಟ್‌ನಲ್ಲಿ ಎಡಗಣ್ಣೂ ಹೋಯಿತು. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಯಾವ ಆಪರೇಷನ್ನಿಗೂ ಮರಳುವುದಿಲ್ಲ. ನಿನ್ನೆ ಅವಳ ಬೆರಳು ಹಿಡಿದು ಫೋನಿನ ಮೇಲೆ ಆಡಿಸುವುದನ್ನು ಕಲಿಸಿದೆ. ಅಭ್ಯಾಸಕ್ಕೆ ನಿಮ್ಮ ಪುಟವನ್ನೇ ತೆರೆದೆವು. ಬಹಳ ಹೊತ್ತು ಕೇಳಿ, “ಅಕ್ಕಾ, ಇದ್ರಲ್ಲಿ ನಮ್ಮೂರು ಎಲ್ಲಿ ಶುರುವಾಗತ್ತೆ?” ಎಂದಳು.

ಇಂತಿ,
ಒಬ್ಬಳಿದ್ದು ಈಗ ಇಬ್ಬರಾದ ನಿಮ್ಮ ಕೇಳುಗರ ಪರವಾಗಿ,
ಲೆನಿಯಾ ಕಚಾಲೆ, ಜೊಂಬಾ