ಅಂಚಿನ ಪೆನ್ಸಿಲ್ ಗೆರೆ

ಮಾರ್ಚ್ ೧೨, ಮಂಗಳವಾರ

ಆ ಗೆರೆ ಕಣ್ಣಿಂದ ಹೋಗುತ್ತಿಲ್ಲ. ಜರ್ಮನ್ ಕವಿಯ ಹಸ್ತಪ್ರತಿಯಲ್ಲಿ, ಕೊನೆಯ ಪದ್ಯದ ಪಕ್ಕ, ತೆಳುವಾದ ಪೆನ್ಸಿಲ್ ಗೆರೆ. ಕವಿಗೇ ಆ ಪದ್ಯದ ಮೇಲೆ ಅನುಮಾನವಿತ್ತು ಎಂದು ಲೇಖನ ಬರೆದೆ, ಅದರಿಂದಲೇ ಪ್ರೊಫೆಸರ್ ಆದೆ. ನಾನು ಸಂಪಾದಿಸಿದ ಸಂಪುಟದಲ್ಲೂ ಅಡಿಟಿಪ್ಪಣಿ ಇದೆ: 'ಗೆರೆ ಕವಿಯದೇ.' ನಾಳೆ ಅದು ಅಚ್ಚಿಗೆ ಹೋಗುತ್ತದೆ.

ಸಂಜೆ ಕರಡು ತೋರಿಸಲು ನನಗೆ ಪಿಎಚ್‌ಡಿ ಮಾಡಿಸಿದ ಮೇಷ್ಟ್ರ ಮನೆಗೆ ಹೋದೆ. ನನ್ನ ಲೇಖನ ಓದಿದ್ದರೂ ಹಸ್ತಪ್ರತಿಯ ಫೋಟೋ ಅವರು ನೋಡಿದ್ದು ಇದೇ ಮೊದಲು; ನೋಡಿ ನಕ್ಕುಬಿಟ್ಟರು.

"ಅಯ್ಯೋ, ಈ ಗೆರೆ ನಂದು ಕಣಮ್ಮಾ! ಜರ್ಮನೀಲಿ ಓದೋ ಕಾಲದಲ್ಲಿ ಲೈಬ್ರರೀಲಿ ಕೂತು ಈ ಹಸ್ತಪ್ರತಿ ನಕಲು ಮಾಡ್ಕೊಳ್ತಿದ್ದೆ. ಎಲ್ಲಿಗೆ ನಿಲ್ಸಿದೀನಿ ಅಂತ ಗುರುತಿಗೆ ಎಳ್ದಿದ್ದೆ. ಅಳ್ಸೋದು ಮರ್ತೇ ಹೋಯ್ತು."

ನನ್ನ ಮುಖ ನೋಡಿ ಅವರ ನಗು ನಿಂತಿತು. "ಇರ್ಲಿ ಬಿಡು. ನಾನಂತೂ ಬಾಯಿ ಬಿಡಲ್ಲ."

"ಒಂದು ಗೆರೆಗೆ ಯಾರಾದ್ರೂ ಊಟ ಬಿಡ್ತಾರಾ?" ಎಂದು ರಾತ್ರಿ ಮನೆಯಲ್ಲಿ ನಮ್ಮ ಯಜಮಾನರು ಗೊಣಗುತ್ತಾ ಮಲಗಿದರು.

ಈಗಷ್ಟೇ ಗೆರೆಯನ್ನು ಬೆರಳಲ್ಲಿ ಮುಚ್ಚಿ ಪದ್ಯ ಓದಿದೆ. ಪೇಲವ ಎಂದು ಇಷ್ಟು ವರ್ಷ ಪಾಠ ಮಾಡಿದ ಪದ್ಯ. ಎಷ್ಟು ಚೆನ್ನಾಗಿದೆ! ಇದನ್ನು ಅನುಮಾನಿಸಿದವಳು ನಾನೊಬ್ಬಳೇ.

ಬೆಳಿಗ್ಗೆ ಎದ್ದ ತಕ್ಷಣ ಪ್ರೆಸ್ಸಿಗೆ ಫೋನ್ ಮಾಡಬೇಕು. ಮಾಡುತ್ತೇನೆ. ಮಾಡುತ್ತೇನಾ...