ಗೇಟಿನಲ್ಲಿ ಸುಟ್ಟ ಡೀಸೆಲ್

ರೀ,

ಎಬ್ಬಿಸದೆ ಹೊರಟೆ ಅಂತ ಮುಖ ಊದಿಸಿಕೊಳ್ಳಬೇಡಿ.

ಡೀಸೆಲ್ ಉಳಿಸುವುದರಲ್ಲಿ ಈ ತಿಂಗಳೂ ಕಂಪನಿಯಲ್ಲಿ ನನ್ನ ಲಾರಿಯೇ ಕೊನೆ. ಇನ್ನೊಂದು ಸಲ ಹೀಗಾದರೆ ಕಂಪನಿಗೆ ಬರೋ ಹೊಸ ಲಾರಿ ಆ ಮೀಸೆ ಡ್ರೈವರ್ ಪಾಲು. ಅರವತ್ತರ ಮೇಲೆ ಓಡಿಸಲ್ಲ, ಸುಮ್ಮಸುಮ್ಮನೆ ಬ್ರೇಕ್ ತುಳಿಯಲ್ಲ, ಮತ್ತೆ ಡೀಸೆಲ್ ಎಲ್ಲಿ ಹೋಗುತ್ತೆ ಅಂತ ಮೆಕ್ಯಾನಿಕ್ ತಲೆ ಕೆರೆದುಕೊಂಡ. ನನಗೆ ಗೊತ್ತು.

ನಮ್ಮ ಗೇಟಿನಲ್ಲೇ ಹೋಗುತ್ತೆ! ಇಂಜಿನ್ ಗುರ್ ಅಂತಿರುತ್ತೆ, ನೀವು ಕಿಟಕಿ ಹಿಡಿದುಕೊಂಡು "ನೀರು ತಗೊಂಡ್ಯಾ? ಸ್ವೆಟರ್? ಕನ್ನಡಕ?" ಅಂತ ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತೀರಿ.

ನೀರು, ಸ್ವೆಟರ್, ಕನ್ನಡಕ ಮೂರೂ ತಗೊಂಡಿದ್ದೀನಿ. ಟೈರಿನ ಗಾಳಿಯೂ ನೋಡಿದ್ದೀನಿ.

ನೀವು ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಮಗಳ ಒದ್ದೆ ಶೂ ಬಿಸಿಲಿಗಿಡಿ, ಅವಳು ಅತ್ತರೂ ಫೋನ್ ಕೊಡಬೇಡಿ.

ನಿಂತಾಗ ಇಂಜಿನ್ ಆಫ್ ಮಾಡಬಾರದಾ ಅಂತ ಕೇಳಬೇಡಿ. ಒಂದು ಸಲ ಮಾಡಿದ್ದೆ. ನಿಮ್ಮ ಮುಖ ನೋಡುತ್ತಾ ಮತ್ತೆ ಕೀ ತಿರುಗಿಸೋಕೆ ಮನಸ್ಸೇ ಬರಲಿಲ್ಲ ಕಣ್ರೀ.

ಗುರುವಾರ ಸಂಜೆ ಬರ್ತೀನಿ. ಗೇಟಿಗೆ ಬಂದ ತಕ್ಷಣ ಆಫ್ ಮಾಡ್ತೀನಿ. ಆಮೇಲೆ ಕಿಟಕಿ ಹಿಡಿದುಕೊಂಡು ಎಷ್ಟು ಹೊತ್ತು ಬೇಕಾದರೂ ಕೇಳಿ, ಒಂದು ಹನಿಯೂ ಖರ್ಚಾಗಲ್ಲ.